ನಡೆದು ಹೋಗುವಷ್ಟು ದೂರದ ಶಾಲೆ

ಕಳೆದ ಡಿಸೆಂಬರಿನಲ್ಲಿ ಅರಸೀಕೆರೆ ತಾಲ್ಲೂಕಿನ ನನ್ನೂರಿನ ಸರ್ಕಾರಿ ಶಾಲೆಗೆ ಹೋಗಿದ್ದೆ. ಏಳನೇ ತರಗತಿ ಮುಗಿಸಿ ಹೊರಬಿದ್ದವನು ಮತ್ತೆ ಒಳಗೆ ಕಾಲಿಟ್ಟದ್ದು ಅವತ್ತೇ. ಬೇಕಾಗಿದ್ದುದು ನನ್ನದೇ ವ್ಯಾಸಂಗ ಪ್ರಮಾಣಪತ್ರ. ಮುಖ್ಯೋಪಾಧ್ಯಾಯಿನಿ ಬೀರುವಿನ ಕೆಳಗಿನ ಅರೆಯಿಂದ ಹಳೆಯ ದಾಖಲಾತಿ ವಹಿ ಎಳೆದು, ಧೂಳು ಕೊಡವಿ, ಮೇಜಿನ ಮೇಲೆ ಬಿಚ್ಚಿದರು. ಬೈಂಡಿನ ಬಟ್ಟೆ ಎದ್ದು ಬಂದಿತ್ತು. ನನ್ನ ಹೆಸರು, ಅಪ್ಪನ ಹೆಸರು, ಕಸುಬು ಬೇಸಾಯ, ಸೇರಿದ ತಾರೀಖು, ಕೊನೆಯ ಕಾಲಮಿನಲ್ಲಿ ಅಪ್ಪನ ಸಹಿ. ಅಪ್ಪ ಅಕ್ಷರವನ್ನು ಒಂದೊಂದಾಗಿ ಬಿಡಿಸಿ ಬರೆಯುತ್ತಿದ್ದರು, ಇಲ್ಲೂ ಹಾಗೇ ಇತ್ತು. ಪಕ್ಕದಲ್ಲಿ ನಿಂತಿದ್ದ ಹನ್ನೆರಡು ವರ್ಷದ ಮಗಳು ಬಗ್ಗಿ ನೋಡಿ, ‘ತಾತ ಏನು ಬರೆದಿದ್ದಾರೆ?’ ಅಂದಳು. ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೂ ಕನ್ನಡದಲ್ಲೇ ಮಾತಾಡುವ ಹುಡುಗಿ, ತನ್ನ ತಾತನ ಹೆಸರನ್ನು ಓದಲಾರದೆ ಹೋದಳು.

ನಾವಿರುವುದು ಇಂಗ್ಲೆಂಡಿನ ಲೆಸ್ಟರಿನಲ್ಲಿ. ಬರುವ ಏಪ್ರಿಲ್‌ನಲ್ಲಿ ಮೈಸೂರಿಗೆ ಮರಳುತ್ತಿದ್ದೇವೆ. ಮಗಳು ಅಲ್ಲಿ ಇಯರ್ 8ರಲ್ಲಿದ್ದಾಳೆ, ಅಂದರೆ ನಮ್ಮ ಏಳನೇ ತರಗತಿ. ಇಲ್ಲಿ ಎಂಟಕ್ಕೆ ಸೇರಬೇಕು. ಮರಳುವ ಸುದ್ದಿ ಹೇಳಿದ ದಿನದಿಂದ ನೆಂಟರು, ಸ್ನೇಹಿತರು ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ಬೋರ್ಡು?’ ಅಂದರೆ ಯಾವ ಮಂಡಳಿಯ ಪಠ್ಯ, ಪರೀಕ್ಷೆ: ನಮ್ಮ ದೇಶದ ಸಿಬಿಎಸ್‌ಇಯೋ ಐಸಿಎಸ್‌ಇಯೋ, ಹೊರದೇಶದ ಐಜಿಸಿಎಸ್‌ಇಯೋ ಐಬಿಯೋ. ಮನೆ ಎಲ್ಲಿ ಮಾಡುತ್ತೀರಿ, ಮಗು ಶಾಲೆಗೆ ಹೇಗೆ ಹೋಗಿ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಇದನ್ನೇ.

ಇಂಗ್ಲೆಂಡಿನಲ್ಲಿ ಸೆಕೆಂಡರಿ ಶಾಲೆಗೆ ಮಗು ಸೇರುವುದು ಹನ್ನೊಂದನೇ ವಯಸ್ಸಿಗೆ. ಅಕ್ಟೋಬರ್ 31ರೊಳಗೆ ಸ್ಥಳೀಯ ಕೌನ್ಸಿಲ್‌ಗೆ ಅರ್ಜಿ ಹಾಕಿ, ಬೇಕಾದ ಶಾಲೆಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಮಾರ್ಚ್ 1ಕ್ಕೆ ಉತ್ತರ ಬರುತ್ತದೆ. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. ಮಗುವನ್ನಾಗಲಿ ಹೆತ್ತವರನ್ನಾಗಲಿ ಸಂದರ್ಶನ ಮಾಡುವಂತಿಲ್ಲ. ಪ್ರವೇಶ ಸಂಹಿತೆ ಅದನ್ನು ನಿಷೇಧಿಸಿದೆ, ವಸತಿ ಶಾಲೆಗಳಿಗೆ ಮಾತ್ರ ವಿನಾಯಿತಿ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಬಹಳ ಕಡೆ ಕೊನೆಗೆ ಲೆಕ್ಕಕ್ಕೆ ಬರುವುದು ಮನೆಗೂ ಶಾಲೆಗೂ ಇರುವ ದೂರ. ನಮ್ಮ ಮಗಳಿಗೆ ಸಿಕ್ಕಿದ್ದು ಹದಿನೈದು ನಿಮಿಷ ನಡೆದರೆ ಸಿಗುವ ಶಾಲೆ. ಒಂದೇ ಬೀದಿಯ ಮಕ್ಕಳು ಗುಂಪು ಕಟ್ಟಿಕೊಂಡು ಹೋಗುತ್ತಾರೆ, ಬರುತ್ತಾರೆ. ಬಸ್ ಓಡಿಸುವವರ ಮಗ, ಡಾಕ್ಟರ ಮಗಳು, ಸಿರಿಯಾದಿಂದ ಬಂದ ಮಗು ಎಲ್ಲರೂ ಒಂದೇ ತರಗತಿಯಲ್ಲಿ. ಅಲ್ಲಿ ಎಲ್ಲವೂ ಸರಿ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಹೆಸರಿನ ಶಾಲೆಯ ಸುತ್ತ ಮನೆಗಳ ಬೆಲೆ ಏರುತ್ತದೆ. ದುಡ್ಡಿದ್ದವರು ಶುಲ್ಕ ಕಟ್ಟುವ ಬದಲು ಮನೆ ಕೊಂಡು ಸೀಟು ಪಡೆಯುತ್ತಾರೆ. ಆದರೂ ಮನೆ ಹತ್ತಿರದ ಶಾಲೆಯೇ ನಮ್ಮ ಶಾಲೆ ಎಂಬ ಭಾವನೆ ಅಲ್ಲಿ ಇನ್ನೂ ಉಳಿದಿದೆ.

ಅಲ್ಲಿ ಇದನ್ನು ಒಪ್ಪಿಕೊಂಡು ಹತ್ತು ವರ್ಷ ಬಾಳಿದ ನಾವೇ, ವಿಮಾನ ಇಳಿದ ಕೂಡಲೇ ಹದಿನೆಂಟು ಕಿಲೋಮೀಟರ್ ಆಚೆಯ ಶಾಲೆಯ ಬಸ್ಸಿಗೆ ಮಗುವನ್ನು ಬೆಳಗ್ಗೆ ಆರೂಮುಕ್ಕಾಲಿಗೆ ಹತ್ತಿಸಲು ಸಿದ್ಧರಾಗುತ್ತೇವೆ. ಬೆಂಗಳೂರಿಗೆ ಮರಳಿದ ನನ್ನ ಗೆಳೆಯನ ಮಗ ದಿನಕ್ಕೆ ಎರಡೂವರೆ ಗಂಟೆ ಬಸ್ಸಿನಲ್ಲೇ ಕಳೆಯುತ್ತಾನೆ. ತರಗತಿಯ ಗೆಳೆಯರು ಊರಿನ ಬೇರೆ ಬೇರೆ ಮೂಲೆಯವರು. ಸಂಜೆ ಆಡಲು ಯಾರೂ ಇಲ್ಲ. ವರ್ಷವಾದರೂ ತನ್ನ ಬಡಾವಣೆಯಲ್ಲಿ ಅವನಿಗೆ ಗೊತ್ತಿರುವುದು ಕಾವಲುಗಾರರೊಬ್ಬರೇ.

ಮೈಸೂರಿನಲ್ಲಿ ನಾವು ಐದು ಶಾಲೆ ನೋಡಿದೆವು. ಮೊದಲ ಶಾಲೆಯಲ್ಲಿ ಆದದ್ದನ್ನು ಹೇಳಲೇಬೇಕು. ಅರ್ಜಿ ಕೊಟ್ಟ ಅರ್ಧ ಗಂಟೆಗೆ ಮಗಳನ್ನು ವರಾಂಡದ ತುದಿಯ ಬೆಂಚಿನಲ್ಲಿ ಕೂರಿಸಿ ಗಣಿತ, ಇಂಗ್ಲಿಷ್, ಹಿಂದಿ ಮೂರು ಪ್ರಶ್ನೆಪತ್ರಿಕೆ ಕೊಟ್ಟರು. ಹಿಂದಿ ಅವಳಿಗೆ ಒಂದಕ್ಷರವೂ ಬಾರದು. ನಮ್ಮನ್ನು ಒಳಗೆ ಕರೆದು ಇಬ್ಬರ ಡಿಗ್ರಿ, ಸಂಬಳ ಕೇಳಿದರು. ಮಗಳು ಹೊರಗೆ ಬಂದವಳು ಹಿಂದಿಯ ಖಾಲಿ ಹಾಳೆ ಹಿಡಿದುಕೊಂಡೇ ಬಂದಿದ್ದಳು. ‘ನಾನು ಫೇಲಾ ಅಪ್ಪ?’ ಎಂದು ಕೇಳಿದಳು. ಅವಳ ಲೆಸ್ಟರಿನ ಶಾಲೆಯಲ್ಲಿ ಏಳು ಜನ ಮಕ್ಕಳು ಇಂಗ್ಲಿಷ್ ಒಂದು ಮಾತೂ ಬಾರದೆ ಸೇರಿದ್ದರು, ಅವರನ್ನು ಯಾರೂ ಹೀಗೆ ಕೂರಿಸಿರಲಿಲ್ಲ.

ಇದು ಬರೀ ಶಿಷ್ಟಾಚಾರದ ಮಾತಲ್ಲ. ನಮ್ಮ ದೇಶದ ಕಾನೂನು ಇಂಗ್ಲೆಂಡಿನದಕ್ಕಿಂತ ಕಡಿಮೆಯೇನಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಆರರಿಂದ ಹದಿನಾಲ್ಕು ವರ್ಷದ ಮಗುವಿನ ಪ್ರವೇಶಕ್ಕೆ ಕ್ಯಾಪಿಟೇಶನ್ ಶುಲ್ಕ (ಸೀಟಿಗಾಗಿ ಕೇಳುವ ವಂತಿಗೆ) ಪಡೆಯುವುದನ್ನೂ, ಪರೀಕ್ಷೆ, ಸಂದರ್ಶನದಿಂದ ಮಗುವನ್ನೋ ಪೋಷಕರನ್ನೋ ಜರಡಿ ಹಿಡಿಯುವುದನ್ನೂ ನಿಷೇಧಿಸಿದೆ. ಜರಡಿ ಹಿಡಿದರೆ ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೂ 50,000 ರೂಪಾಯಿವರೆಗೆ ದಂಡ. ಕ್ಯಾಪಿಟೇಶನ್ ವಿರುದ್ಧ ಕರ್ನಾಟಕ 1984ರಲ್ಲೇ ಕಾಯ್ದೆ ಮಾಡಿದೆ. ವ್ಯತ್ಯಾಸ ಇರುವುದು ನಮ್ಮಲ್ಲಿ. ಅಲ್ಲಿ ಇಂಥದ್ದು ನಡೆದರೆ ಪೋಷಕರು ಕೌನ್ಸಿಲ್‌ಗೆ ಪತ್ರ ಬರೆಯುತ್ತಾರೆ. ಇಲ್ಲಿ ಅದೇ ಪೋಷಕರು, ನಾನೂ ಸೇರಿ, ಸೀಟು ಹೋದೀತೆಂದು ಸುಮ್ಮನೆ ಕೂರುತ್ತೇವೆ. ಅವತ್ತು ಎದ್ದು ಹೇಳದೆ ಬಂದದ್ದು ನನಗೆ ಇವತ್ತಿಗೂ ನೋವು.

ಇನ್ನು ಕನ್ನಡ. ಮರಳುವ ಹೊರನಾಡ ಕನ್ನಡಿಗರಲ್ಲಿ ಬಹಳಷ್ಟು ಜನ ಇಂಟರ್‌ನ್ಯಾಷನಲ್ ಶಾಲೆ ಹುಡುಕುವುದಕ್ಕೆ ಕೊಡುವ ಕಾರಣ ‘ಮಗುವಿಗೆ ಕಷ್ಟ ಆಗಬಾರದು’. ಆ ಕಳಕಳಿ ನನಗೆ ಅರ್ಥವಾಗುತ್ತದೆ. ಹದಿನಾಲ್ಕು ಹದಿನೈದರ ಮಗು, ಒಂದೆರಡು ವರ್ಷದಲ್ಲಿ ಮತ್ತೆ ಹೊರದೇಶಕ್ಕೆ ಹೋಗುವುದು ಖಚಿತ ಎನ್ನುವವರಿಗೆ ಅದೇ ಸರಿಯಾದ ದಾರಿ. ಆದರೆ ನೆಲೆಸಲು ಬರುವವರು? ನಾವು ನೋಡಿದ ಅಂಥ ಒಂದು ಶಾಲೆಯಲ್ಲಿ ಕನ್ನಡಕ್ಕೆ ವಾರಕ್ಕೆ ಎರಡು ಪೀರಿಯಡ್. ‘ನಿಮ್ಮ ಮಗಳಿಗೆ ಅದರಿಂದ ತೊಂದರೆ ಆಗದ ಹಾಗೆ ನೋಡಿಕೊಳ್ಳುತ್ತೇವೆ’ ಎಂದು ನಮಗೆ ಭರವಸೆ ಕೊಟ್ಟರು. ಕನ್ನಡವನ್ನು ತೊಂದರೆ ಎಂದು ಕರೆದದ್ದು ಮೈಸೂರಿನಲ್ಲಿ! ಕರ್ನಾಟಕದ ಶಾಲೆಗಳು ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕೆಂದು 2015ರಲ್ಲೇ ಕಾಯ್ದೆ ಬಂದಿದೆ.

ಹನ್ನೆರಡರ ಮಗುವಿಗೆ ಕನ್ನಡ ಬರವಣಿಗೆ ಸುಲಭವಲ್ಲ, ಗೊತ್ತು. ಎರಡು ತಿಂಗಳಿಂದ ದಿನಾ ಸಂಜೆ ನಾವಿಬ್ಬರೂ ಕೂರುತ್ತೇವೆ. ನಲವತ್ತೊಂಬತ್ತು ಅಕ್ಷರ ಮೂರು ವಾರದಲ್ಲಿ ಬಂತು, ಕಾಗುಣಿತವೂ ಬಂತು. ಒತ್ತಕ್ಷರದಲ್ಲಿ ಗಾಡಿ ನಿಂತಿತು. ‘ಚಕ್ರ’ ಓದುತ್ತಾಳೆ. ‘ಸೂರ್ಯ’ ಬಂದರೆ ‘ಸೂಯ’ ಎಂದು ನಿಲ್ಲುತ್ತಾಳೆ. ಅರ್ಕಾವತ್ತು ಕಣ್ಣಿಗೆ ಬೀಳುವುದು ಯಕಾರ ಆದಮೇಲೆ, ಬಾಯಿ ಅದನ್ನು ಹೇಳಬೇಕಾದದ್ದು ಅದಕ್ಕಿಂತ ಮೊದಲು. ‘ಆಮೇಲೆ ಬರೆದದ್ದನ್ನು ಮೊದಲು ಯಾಕೆ ಓದಬೇಕು?’ ಎಂದು ಕೇಳುತ್ತಾಳೆ. ನಲವತ್ತು ವರ್ಷ ಕನ್ನಡ ಓದಿದ ನನಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ.

ಸರ್ಕಾರಿ ಪ್ರೌಢಶಾಲೆಗೆ ಯಾಕೆ ಸೇರಿಸಬಾರದು ಎಂದು ನನ್ನ ತಮ್ಮ ಕೇಳಿದ. ನ್ಯಾಯವಾದ ಪ್ರಶ್ನೆ. ನಮ್ಮ ಮನೆ ಹತ್ತಿರದ್ದು ಕನ್ನಡ ಮಾಧ್ಯಮದ್ದು. ಅಕ್ಷರ ಕೂಡಿಸಿ ಓದುವ ಮಗುವಿಗೆ ಎಂಟನೇ ತರಗತಿಯ ವಿಜ್ಞಾನ, ಸಮಾಜ ವಿಜ್ಞಾನವನ್ನು ಕನ್ನಡದಲ್ಲಿ ಓದು ಎಂದರೆ ಅನ್ಯಾಯವಾಗುತ್ತದೆ. ಅವಳು ಎರಡನೇ ತರಗತಿಯಲ್ಲಿದ್ದಾಗಲೇ ಬಂದಿದ್ದರೆ ಖಂಡಿತ ಸರ್ಕಾರಿ ಶಾಲೆಗೇ ಸೇರಿಸುತ್ತಿದ್ದೆ. ತಡ ಮಾಡಿದವನು ನಾನು. ಅದರ ಬೆಲೆಯನ್ನು ಅವಳಿಂದ ಕಟ್ಟಿಸಲಾರೆ.

ಯಾವ ವರ್ಷ ಮರಳುವುದು ಎಂಬುದು ಬೋರ್ಡಿಗಿಂತ ದೊಡ್ಡ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಗೊತ್ತಿಲ್ಲದೆ ಪೆಟ್ಟು ತಿಂದವರನ್ನು ಕಂಡಿದ್ದೇನೆ. ಇಂಗ್ಲೆಂಡಿನ ಶಾಲಾ ವರ್ಷ ಮುಗಿಯುವುದು ಜುಲೈ ಕೊನೆಗೆ. ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ಗೇ ಪಾಠ ಶುರು ಮಾಡುತ್ತವೆ, ರಾಜ್ಯ ಪಠ್ಯಕ್ರಮದವು ಮೇ ಕೊನೆ, ಜೂನ್ ಮೊದಲಿಗೆ. ಅಲ್ಲಿ ವರ್ಷ ಮುಗಿಸಿಯೇ ಬರುತ್ತೇವೆ ಎಂದರೆ ಇಲ್ಲಿ ಮಗು ಎರಡು ಮೂರು ತಿಂಗಳು ಹಿಂದೆ ಬೀಳುತ್ತದೆ. ಅಲ್ಲಿನ ಇಯರ್ 10, 11 ಸೇರಿ ಒಂದೇ ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ) ಕೋರ್ಸು. ನಡುವೆ ಎದ್ದು ಬಂದರೆ ಅದೂ ಇಲ್ಲ, ಇದೂ ಇಲ್ಲ. ಇಲ್ಲಿ ಸಿಬಿಎಸ್‌ಇ ಒಂಬತ್ತನೇ ತರಗತಿಯಲ್ಲೇ ಮಕ್ಕಳ ನೋಂದಣಿ ಮಾಡಿಕೊಳ್ಳುತ್ತದೆ, ಹತ್ತಕ್ಕೆ ನೇರವಾಗಿ ಸೇರುವುದು ಸುಲಭವಲ್ಲ. ಎಂಟನೇ ತರಗತಿಯ ಆರಂಭ ದಾಟಿಸಬೇಡಿ ಎಂದೇ ನಾನು ಎಲ್ಲರಿಗೂ ಹೇಳುವುದು.

ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯದು ಇನ್ನೊಂದು ಲೆಕ್ಕ. ಎಂಜಿನಿಯರಿಂಗ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಆದರೆ ಕರ್ನಾಟಕದ ಅಭ್ಯರ್ಥಿ ಅನ್ನಿಸಿಕೊಳ್ಳಲು ಸಾಮಾನ್ಯ ನಿಯಮದಂತೆ ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ ಏಳು ವರ್ಷ ಇಲ್ಲಿ ಓದಿರಬೇಕು. ಎಂಟಕ್ಕೆ ಬರುವ ಮಗುವಿಗೆ ಆಗುವುದು ಐದೇ ವರ್ಷ. ಅಂಥವರಿಗೆ ಇನ್ನೊಂದು ಕಲಮು ಇದೆ: ಮಗು ಪಿಯುಸಿಯ ಎರಡೂ ವರ್ಷ ಇಲ್ಲಿ ಓದಿರಬೇಕು, ತಂದೆ ತಾಯಿಯಲ್ಲಿ ಒಬ್ಬರು ಏಳು ವರ್ಷ ಕರ್ನಾಟಕದಲ್ಲಿ ಓದಿದ್ದಕ್ಕೆ ದಾಖಲೆ ತೋರಿಸಬೇಕು. ನಾನು ಆ ವಹಿ ಹುಡುಕಿಕೊಂಡು ಹೋದದ್ದು ಇದಕ್ಕೇ. ಒಂದರಿಂದ ಏಳು, ಸರಿಯಾಗಿ ಏಳು ವರ್ಷ. ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜೂ ಬೇಕು. ಮಗು ಎಂಟರಲ್ಲಿರುವಾಗಲೇ ಮಾಡಿಸಿಟ್ಟುಕೊಳ್ಳಿ, ಹಳೆಯ ವಹಿಗಳಿಗೆ ಗೆದ್ದಲಿನ ಭಯ.

ಪಾಸ್‌ಪೋರ್ಟನ್ನೂ ಗಮನಿಸಿ. ನಮ್ಮ ಮಗಳದು ಭಾರತದ್ದು. ಓಸಿಐ ಮಕ್ಕಳು, ಅಂದರೆ ಹೊರದೇಶದ ಪೌರತ್ವವಿದ್ದು ಭಾರತೀಯ ಮೂಲದವರ ಕಾರ್ಡು ಪಡೆದವರು, ಪ್ರವೇಶ ಪರೀಕ್ಷೆ ಬರೆದರೂ ಭಾರತೀಯ ಪ್ರಜೆಗಳಿಗೇ ಮೀಸಲಾದ ಸೀಟಿಗೆ ಅರ್ಹರಲ್ಲ, ಎನ್‌ಆರ್‌ಐ ಸೀಟಿಗೆ ಮಾತ್ರ ಎಂದು 2021ರ ಮಾರ್ಚ್ 4ರ ಕೇಂದ್ರದ ಅಧಿಸೂಚನೆ ಹೇಳುತ್ತದೆ. ಅದಕ್ಕೆ ಮೊದಲೇ ಓಸಿಐ ಪಡೆದವರಿಗೆ ಇದು ಅನ್ವಯಿಸದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಿಮ್ಮ ಮಗುವಿನ ಕಾರ್ಡಿನ ಮೇಲಿನ ತಾರೀಖು ಯಾವ ಬೋರ್ಡಿಗಿಂತಲೂ ಮುಖ್ಯ ಆಗಿಬಿಡಬಹುದು.

ಕೊನೆಗೆ ನಾವು ಒಪ್ಪಿಕೊಂಡದ್ದು ಕುವೆಂಪುನಗರದ ಬಾಡಿಗೆ ಮನೆಗೆ ಹತ್ತಿರದ, ರಾಜ್ಯ ಪಠ್ಯಕ್ರಮದ ಇಂಗ್ಲಿಷ್ ಮಾಧ್ಯಮದ ಶಾಲೆ. ಕನ್ನಡ ಎರಡನೇ ಭಾಷೆ. ಕಟ್ಟಡ ಹಳೆಯದು, ಈಜುಕೊಳ ಇಲ್ಲ, ಆಟದ ಮೈದಾನ ಚಿಕ್ಕದು. ನಾವು ಹೋದಾಗ ಕನ್ನಡ ಮೇಡಂ ಉಕ್ತಲೇಖನ ಕೊಡುತ್ತಿದ್ದರು. ಮಗಳಿಗೂ ಒಂದು ಹಾಳೆ ಕೊಟ್ಟು ‘ಬಂದಷ್ಟು ಬರಿ’ ಎಂದರು. ಹತ್ತು ಪದದಲ್ಲಿ ನಾಲ್ಕು ಸರಿಯಾಯಿತು. ಉಳಿದ ಆರನ್ನು ಕೆಂಪಿನಲ್ಲಿ ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ ದುಂಡಗೆ ಬರೆದು ತೋರಿಸಿದರು. ಲೆಸ್ಟರಿನಲ್ಲಿ ಪ್ರತಿ ಪಾಠದಲ್ಲೂ ಕೈಯೆತ್ತಿ ಪ್ರಶ್ನೆ ಕೇಳಿ ಅಭ್ಯಾಸವಾದವಳು, ‘ಇಲ್ಲಿ ಮಧ್ಯದಲ್ಲಿ ಕೇಳಬಹುದಾ ಮಿಸ್?’ ಅಂದಳು. ‘ಕೇಳು, ಉಳಿದವರಿಗೂ ಧೈರ್ಯ ಬರಲಿ’ ಎಂದರು ಅವರು. ನನ್ನ ಹೆಂಡತಿ ಆ ಮಾತಿಗೇ ಶಾಲೆಯನ್ನು ಒಪ್ಪಿಕೊಂಡಳು.

ಶಾಲೆ ತೆರೆಯುವುದು ಮೇ ಕೊನೆಗೆ, ನಾವು ಇಳಿಯುವುದು ಏಪ್ರಿಲ್ ಮೊದಲ ವಾರ. ನಡುವಿನ ಎಂಟು ವಾರ ಒತ್ತಕ್ಷರಕ್ಕೂ, ಹಿಂದಿಯ ಅಕ್ಷರಮಾಲೆಗೂ. ಇಂಗ್ಲೆಂಡಿನ ಶಾಲೆಗಳಲ್ಲಿ ವರ್ಗಾವಣೆ ಪತ್ರ ಕೊಡುವ ಪದ್ಧತಿ ಇಲ್ಲದ್ದರಿಂದ, ಯಾವ ತರಗತಿಯವರೆಗೆ ಓದಿದ್ದಾಳೆಂದು ಮುಖ್ಯಶಿಕ್ಷಕರ ಸಹಿಯಿರುವ ಪತ್ರವನ್ನು ಈಗಾಗಲೇ ಬರೆಸಿಕೊಂಡಿದ್ದೇವೆ. ಮನೆಯಿಂದ ಶಾಲೆಗೆ ಹನ್ನೊಂದು ನಿಮಿಷ. ಮಗಳೇ ಗಡಿಯಾರ ನೋಡಿಕೊಂಡು ನಡೆದಳು. ದಾರಿಯಲ್ಲಿ ಒಂದು ದೊಡ್ಡ ರಸ್ತೆ ಇದೆ, ಸಿಗ್ನಲ್ ಇಲ್ಲ. ಲೆಸ್ಟರಿನಲ್ಲಿ ಜೀಬ್ರಾ ಪಟ್ಟೆಗೆ ಕಾಲಿಟ್ಟರೆ ಕಾರು ನಿಲ್ಲುತ್ತದೆ. ಇಲ್ಲಿ ಬಲಗಡೆಯಿಂದ ಬರುವ ಸ್ಕೂಟರನ್ನೂ ಎಡಗಡೆಯ ಆಟೋವನ್ನೂ ನೋಡಿ, ಕೈ ತೋರಿಸಿ, ಓಡದೆ ದಾಟಬೇಕು. ಏಪ್ರಿಲ್‌ನಲ್ಲಿ ದಿನಾ ಬೆಳಗ್ಗೆ ಅವಳ ಜೊತೆ ನಡೆದು ಅದನ್ನು ಕಲಿಸಬೇಕು.