ಮನೆ ನಮ್ಮದು, ಮುಂದಿನ ಫುಟ್‌ಪಾತ್ ನಮ್ಮದಲ್ಲ

ಲಂಡನ್ನಿನ ಹೊರಗೆ ಒಂದು ಸಣ್ಣ ಊರಲ್ಲಿ ನಮ್ಮ ಮನೆ. ಮುಂದಿನ ಕೈತೋಟ ತೆಗೆದು ಅಲ್ಲಿ ಕಾರು ನಿಲ್ಲಿಸೋಣ ಅಂದುಕೊಂಡೆ. ಕಾರು ಒಳಗೆ ಬರಬೇಕಾದರೆ ಫುಟ್‌ಪಾತಿನ ಅಂಚುಕಲ್ಲು ತಗ್ಗಿಸಬೇಕು. ಇಲ್ಲಿ ಅದಕ್ಕೆ ಡ್ರಾಪ್ಡ್ ಕರ್ಬ್ ಅನ್ನುತ್ತಾರೆ. ಬೆಂಗಳೂರಲ್ಲಾದರೆ ಮೇಸ್ತ್ರಿಗೆ ಒಂದು ಫೋನು, ಎರಡು ಮೂಟೆ ಸಿಮೆಂಟು, ಸಂಜೆಗೆ ಕೆಲಸ ಮುಗಿದಿರುತ್ತಿತ್ತು. ಇಂಗ್ಲೆಂಡಿನಲ್ಲಿ 1980ರ ಹೈವೇಸ್ ಆಕ್ಟ್ ಪ್ರಕಾರ ಅದಕ್ಕೆ ಕೌನ್ಸಿಲ್, ಅಂದರೆ ಇಲ್ಲಿನ ಪಾಲಿಕೆಯ, ಒಪ್ಪಿಗೆ ಬೇಕೇ ಬೇಕು. ದೊಡ್ಡ ರಸ್ತೆಯಾದರೆ ಪ್ಲಾನಿಂಗ್ ಅನುಮತಿಯೂ ಬೇಕಾಗುತ್ತದೆ.

ಅರ್ಜಿ ಹಾಕಿ ಕೆಲವು ವಾರಗಳಾದ ಮೇಲೆ ಒಬ್ಬರು ಟೇಪು ಹಿಡಿದು ಬಂದರು. ಗೋಡೆಯಿಂದ ಫುಟ್‌ಪಾತಿನವರೆಗೆ ಅಳೆದರು. ಕಾರಿನ ಹಿಂಭಾಗ ನಡೆಯುವವರ ದಾರಿಗೆ ಚಾಚಬಾರದು, ಅದಕ್ಕೆ. ದೀಪದ ಕಂಬ ಎಷ್ಟು ದೂರ, ಮರದ ಬೇರು ಎಲ್ಲಿದೆ, ತಿರುವು ಹತ್ತಿರ ಇದೆಯಾ ಅಂತೆಲ್ಲ ನೋಡಿದರು. ಕೊನೆಗೆ ಫುಟ್‌ಪಾತಿನ ಮೇಲೆ ಬಣ್ಣದಲ್ಲಿ ಎರಡು ಗುರುತು ಹಾಕಿ ಹೋದರು. ತೋಟಕ್ಕೂ ನಿಯಮ ಇದೆ. 2008ರಿಂದ, ಐದು ಚದರ ಮೀಟರಿಗಿಂತ ಜಾಸ್ತಿ ಜಾಗಕ್ಕೆ ನೀರು ಇಂಗದ ನೆಲ ಹಾಕಿ, ಮಳೆನೀರನ್ನು ರಸ್ತೆಗೆ ಬಿಡುವುದಾದರೆ ಅನುಮತಿ ಬೇಕು.

ಖರ್ಚು ಕೇಳಿ ಬೇಜಾರಾಗಿದ್ದು ನಿಜ. ಕಲ್ಲು ತಗ್ಗಿಸಲು ಸಾವಿರಾರು ಪೌಂಡು. ಅರ್ಜಿ ತಿರಸ್ಕಾರವಾದರೂ ಶುಲ್ಕ ವಾಪಸ್ ಬರುವುದಿಲ್ಲ. ಅದು ಸರಿಯಲ್ಲ ಅಂತ ಈಗಲೂ ಅನಿಸುತ್ತದೆ. ದುಡ್ಡಿಲ್ಲದವರು ಏನು ಮಾಡಬೇಕು?

ಆದರೆ ಕೆಲಸ ಮುಗಿದ ದಿನ ಬಗ್ಗಿ ನೋಡಿದೆ. ತಗ್ಗಿಸಿದ ಕಲ್ಲು ರಸ್ತೆಗಿಂತ ಒಂದು ಇಂಚಿನಷ್ಟು ಮಾತ್ರ ಮೇಲಿದೆ. ರಸ್ತೆಯ ನೀರು ಒಳಗೆ ನುಗ್ಗದಿರಲಿ ಅಂತ ಅಷ್ಟು ಬಿಟ್ಟಿದ್ದಾರೆ. ಎರಡೂ ಬದಿಗೆ ಓರೆ ಕಲ್ಲು. ಇಳಿಜಾರು ಅಂಚಿನಲ್ಲಷ್ಟೇ. ಜನ ನಡೆಯುವ ಭಾಗ ಮೊದಲಿನ ಹಾಗೇ ಸಮ. ಸ್ವಲ್ಪ ಹೊತ್ತಿಗೆ ಎದುರು ಮನೆ ಅಜ್ಜಿ ಕೈಗಾಡಿ ತಳ್ಳಿಕೊಂಡು ಹೋದರು. ನಮ್ಮ ಮನೆ ಮುಂದೆ ಅವರ ಹೆಜ್ಜೆ ನಿಧಾನವಾಗಲಿಲ್ಲ.

ಆಗ ನೆನಪಾದವರು ಅಮ್ಮ. ವಿಜಯನಗರದ ನಮ್ಮ ಬೀದಿಯಲ್ಲಿ ಗೇಟಿಗೊಂದು ರ್‍ಯಾಂಪು. ಒಬ್ಬರದು ಎತ್ತರ, ಇನ್ನೊಬ್ಬರದು ಕಡಿದು, ಮತ್ತೊಬ್ಬರು ನುಣುಪು ಟೈಲ್ಸ್ ಹಾಕಿಸಿದ್ದಾರೆ. ಮಳೆ ಬಂದರೆ ಕಾಲಿಡಲು ಭಯ. ಕೆಲವು ರ್‍ಯಾಂಪು ರಸ್ತೆಗೇ ಚಾಚಿ, ಮೋರಿಯ ಬಾಯಿ ಮುಚ್ಚಿವೆ. ಮಂಡಿನೋವಿನ ಅಮ್ಮ ಫುಟ್‌ಪಾತ್ ಬಿಟ್ಟು ಸ್ಕೂಟರ್‌ಗಳ ನಡುವೆ ರಸ್ತೆಯಲ್ಲೇ ನಡೆಯುತ್ತಾರೆ. ತರಕಾರಿ ತರಲು ಇಷ್ಟು ಪಾಡು ಬೇಕಾ?

ಇಲ್ಲಿನಷ್ಟು ಕಾಗದ, ಖರ್ಚು ನಮಗೆ ಬೇಡ. ಪಾಲಿಕೆ ಒಂದು ಅಳತೆಯ ನಕ್ಷೆ ಕೊಡಲಿ. ರ್‍ಯಾಂಪು ಗೇಟಿನ ಒಳಗಿರಲಿ, ಮೋರಿ ತೆರೆದಿರಲಿ, ನಡೆಯುವ ಜಾಗ ಸಮ ಇರಲಿ. ಮನೆ ಪ್ಲಾನು ಒಪ್ಪುವಾಗಲೇ ಇದನ್ನೂ ನೋಡಿದರೆ ಸಾಕು.

ನಮ್ಮದೇ ಗೇಟಿನ ಮುಂದೆಯೂ ಅಂಥ ಒಂದು ರ್‍ಯಾಂಪಿದೆ, ಅಪ್ಪ ಹಾಕಿಸಿದ್ದು. ಕಳೆದ ವಾರ ಅಣ್ಣನಿಗೆ ಫೋನ್ ಮಾಡಿದೆ. ಯುಗಾದಿಗೆ ನಾನು ಬರುವಷ್ಟರಲ್ಲಿ ಒಡೆಸಿರುತ್ತೇನೆ ಅಂದಿದ್ದಾನೆ.