ಟರ್ಬೊ ಬಂದದ್ದಕ್ಕೆ ನಮ್ಮೂರಿನಲ್ಲಿ ಯಾರೂ ಅಳಲಿಲ್ಲ

ಸ್ಪೋರ್ಟ್ಸ್ ಕಾರಿನಲ್ಲಿ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಇರುವುದು ಈಗ ಹೇಳಿಕೊಳ್ಳುವಂಥ ಸಂಗತಿಯಲ್ಲ, ಇಲ್ಲದಿರುವುದೇ ಹೇಳಿಕೊಳ್ಳುವಂಥದ್ದು. 2014ರಲ್ಲಿ ಬಿಎಂಡಬ್ಲ್ಯು ಎಂ3 ಕಾರಿನ ಟರ್ಬೊ ಇಲ್ಲದ, ಎಂಟು ಸಿಲಿಂಡರಿನ ವಿ8 ಎಂಜಿನ್ ಹೋಗಿ ಎರಡು ಟರ್ಬೊಗಳ ಆರು ಸಿಲಿಂಡರಿನ ಎಂಜಿನ್ ಬಂದಿತು. ಮರುವರ್ಷ ಫೆರಾರಿ 458ರ ಜಾಗವನ್ನು ಟರ್ಬೊ ಹೊತ್ತ 488 ಹಿಡಿಯಿತು, ಅದೇ ವರ್ಷ ಪೋರ್ಷೆ ಸಂಸ್ಥೆಯು 911 ಕರೆರಾದ ಮಾಮೂಲಿ ಮಾದರಿಗಳಿಗೂ ಟರ್ಬೊ ಕೂರಿಸಿತು. ನಾನು ನೆಲೆಸಿರುವ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕಾರಿನ ಹುಚ್ಚಿರುವವರು ಆ ವರ್ಷಗಳನ್ನು ಇಂದಿಗೂ ಕಹಿಯಾಗಿಯೇ ನೆನೆಯುತ್ತಾರೆ. ನಾನು ಹುಟ್ಟಿ ಬೆಳೆದ ಚಿಕ್ಕಬಳ್ಳಾಪುರದಲ್ಲಿಯಾದರೋ ಟರ್ಬೊ ಇರುವ ಕಾರು ಮನೆಗೆ ಬಂದರೆ ಅದು ಬಡ್ತಿ. ಒಂದೇ ಯಂತ್ರದ ಬಗ್ಗೆ ಎರಡು ಊರುಗಳಲ್ಲಿ ಇಷ್ಟು ಬೇರೆಯಾದ ಭಾವನೆ ಇರಲು ಕಾರಣ ಯಂತ್ರದಲ್ಲಿಲ್ಲ. ಓಡಿಸುವ ರಸ್ತೆಯಲ್ಲಿದೆ, ಊರಿರುವ ಎತ್ತರದಲ್ಲಿದೆ, ಅದಕ್ಕೂ ಮೊದಲು ಕೈಗೆ ಸಿಕ್ಕಿದ್ದ ಕಾರು ಯಾವುದು ಎಂಬುದರಲ್ಲಿದೆ. ಹಾಗಾಗಿ ಜರ್ಮನರ ಗೋಳನ್ನು ವಿಡಿಯೊಗಳಲ್ಲಿ ಕೇಳಿ, ಟರ್ಬೊ ಕಾರಿಗೆ ಜೀವವಿಲ್ಲ ಎಂದು ನಮ್ಮ ಹುಡುಗರು ಹಾಗೆಯೇ ಒಪ್ಪಿಸುವುದನ್ನು ಕಂಡಾಗ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ.

ಇಲ್ಲಿ, ಸ್ಟುಟ್‌ಗಾರ್ಟ್‌ನಲ್ಲಿರುವವರ ದುಃಖ ಸುಳ್ಳಲ್ಲ. ಫೆರಾರಿ 458ರ 4.5 ಲೀಟರಿನ ಎಂಜಿನ್ 9000 ಆರ್‌ಪಿಎಂವರೆಗೆ (ನಿಮಿಷಕ್ಕೆ ಅಷ್ಟು ಸುತ್ತು) ಏರುತ್ತಿತ್ತು, ಅದರ ಪೂರ್ತಿ ಶಕ್ತಿ ಸಿಗುತ್ತಿದ್ದುದೂ ಆ ತುದಿಯಲ್ಲಿಯೇ. ಮೇಲೇರಿದಂತೆಲ್ಲ ಎಳೆತವೂ ಸದ್ದೂ ಒಟ್ಟಿಗೆ ಬೆಳೆಯುವುದು, ಕಾಲು ಎಷ್ಟು ಒತ್ತಿತೋ ಅಷ್ಟೇ ಉತ್ತರ ಆ ಕ್ಷಣದಲ್ಲೇ ಬರುವುದು, ಇವು ಟರ್ಬೊ ಇಲ್ಲದ ಎಂಜಿನ್ನಿನ ಸುಖಗಳು. ಶ್ವೇಬಿಯನ್ ಆಲ್ಬ್ ಬೆಟ್ಟಗಳ ಕಡೆಗೆ ಭಾನುವಾರ ಬೆಳಿಗ್ಗೆ ಹಳೆಯ 911 ತರುವ ಹಿರಿಯರೊಬ್ಬರು ಒಮ್ಮೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೂರನೇ ಗೇರಿನಲ್ಲಿ ತಿರುವಿನ ಮಧ್ಯದಲ್ಲಿ ಬಲಗಾಲನ್ನು ಕಂಡೂ ಕಾಣದಷ್ಟು ಎತ್ತಿ ಮತ್ತೆ ಇಳಿಸಿ ತೋರಿಸಿದರು. ಕಾರಿನ ಮೂತಿ ಅಷ್ಟಕ್ಕೇ ಒಳಗೆ ವಾಲಿ ಮತ್ತೆ ನೇರವಾಯಿತು. ಹೊಸ ಟರ್ಬೊ ಕಾರು ಇದಕ್ಕಿಂತ ಬಹಳ ವೇಗದ್ದು ಎಂಬುದನ್ನು ಅವರೇ ಒಪ್ಪುತ್ತಾರೆ. ಅವರ ತಕರಾರು ವೇಗದ್ದಲ್ಲ, ಈ ಅಳತೆಯದ್ದು.

ಟರ್ಬೊದಲ್ಲಿ ಅಳತೆ ಏಕೆ ತಪ್ಪುತ್ತದೆ ಎಂದರೆ, ಅಲ್ಲಿ ಎಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುವುದಿಲ್ಲ. ಸೈಲೆನ್ಸರಿನ ಕಡೆಗೆ ಹೊರಟ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರದ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿನೊಳಕ್ಕೆ ತುಂಬುತ್ತದೆ. ಹೊಗೆ ಸಾಕಷ್ಟು ಹುಟ್ಟಿ, ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿದ ಸುತ್ತಿಗೆ ಏರಬೇಕು, ಅಲ್ಲಿಯವರೆಗೆ ಕಾಯಬೇಕು. ಸಾವಿರ ಅಡಿಯ ಬೋರ್‌ವೆಲ್ಲಿನ ಸ್ಟಾರ್ಟರ್ ಒತ್ತಿ, ಪೈಪಿನ ಬಾಯಿಗೆ ನೀರು ಬರುವವರೆಗೆ ನಿಂತು ಕಾದವರಿಗೆ ಟರ್ಬೊ ಲ್ಯಾಗ್ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಬಂದಾಗ ಮಾತ್ರ ಪೈಪು ಒದೆಯುವಂತೆ ಬರುತ್ತದೆ. 1975ರ ಸುಮಾರಿನ ಮೊದಲ 911 ಟರ್ಬೊ ಕಾರಿಗೆ ಕೆಟ್ಟ ಹೆಸರು ಬಂದದ್ದು ಆ ಒದೆತ ತಿರುವಿನ ನಡುವೆ ಬರುತ್ತಿದ್ದ ಕಾರಣಕ್ಕೆ. ಇಂದಿನ ಟರ್ಬೊಗಳು ಅಷ್ಟು ಒರಟಲ್ಲ. ಫೆರಾರಿಯವರಂತೂ 488ರಲ್ಲಿ ಕೆಳಗಿನ ಗೇರುಗಳಲ್ಲಿ ಟಾರ್ಕನ್ನು, ಅಂದರೆ ಎಂಜಿನ್ನಿನ ತಿರುಚು ಬಲವನ್ನು, ಬೇಕೆಂದೇ ತಡೆಹಿಡಿದು, ಆರ್‌ಪಿಎಂ ಏರಿದಂತೆ ಬಿಡುಗಡೆ ಮಾಡುವ ಏರ್ಪಾಟು ಮಾಡಿದರು. ತಾವೇ ಕೈಬಿಟ್ಟ ಎಂಜಿನ್ನಿನ ನಡತೆಯನ್ನು ಹೊಸದಕ್ಕೆ ಕಲಿಸಿದಂತಾಯಿತು.

ಇಷ್ಟಕ್ಕೂ ಯಾವ ಗ್ರಾಹಕನೂ ಟರ್ಬೊ ಬೇಕೆಂದು ಹಟ ಹಿಡಿದಿರಲಿಲ್ಲ. ಯುರೋಪಿನಲ್ಲಿ ಹೊಸ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯನ್ನು 2015ಕ್ಕೆ ಕಿಲೋಮೀಟರಿಗೆ 130 ಗ್ರಾಂಗೆ, 2021ಕ್ಕೆ 95 ಗ್ರಾಂಗೆ ಇಳಿಸಬೇಕೆಂದು ನಿಯಮ ಬಂದಿತು. ಅಳೆಯುತ್ತಿದ್ದ ಹಳೆಯ ಪರೀಕ್ಷೆಯೋ ಸುಮಾರು ಇಪ್ಪತ್ತು ನಿಮಿಷದ್ದು, ಸರಾಸರಿ ವೇಗ ಗಂಟೆಗೆ 33 ಕಿಲೋಮೀಟರ್. ಆಟೊಬಾನ್ ಎಂಬ ವೇಗದ ಹೆದ್ದಾರಿಗಳಿರುವ ದೇಶದ ಕಾರುಗಳನ್ನು ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ವೇಗದಲ್ಲಿ ಅಳೆದರೆ ಚಿಕ್ಕ ಎಂಜಿನ್ನಿಗೆ ಟರ್ಬೊ ಹಚ್ಚಿದ ಕಾರೇ ಗೆಲ್ಲುತ್ತದೆ, ಏಕೆಂದರೆ ಅಷ್ಟು ಮೆತ್ತಗಿನ ಓಟದಲ್ಲಿ ಟರ್ಬೊಗೆ ಕೆಲಸವೇ ಇರುವುದಿಲ್ಲ, ಚಿಕ್ಕ ಎಂಜಿನ್ ಚಿಕ್ಕ ಎಂಜಿನ್ನಿನಷ್ಟೇ ಕುಡಿಯುತ್ತದೆ. ಭಾರತದಲ್ಲಿ ಅದೇ ಕೆಲಸವನ್ನು ತೆರಿಗೆ ಮಾಡಿತು. ನಾಲ್ಕು ಮೀಟರಿನೊಳಗಿನ ಉದ್ದ, 1200 ಸಿಸಿಯೊಳಗಿನ ಪೆಟ್ರೋಲ್ ಎಂಜಿನ್ ಎಂಬ ಗೆರೆ ದಾಟದ ಕಾರಿಗೆ ಜಿಎಸ್‌ಟಿ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಬಂದ ದರಗಳಲ್ಲಿ ಗೆರೆಯ ಈಚೆಗೆ ಶೇ. 18, ಆಚೆಗೆ ಶೇ. 40. ಈ ಗೆರೆಯೊಳಗಿದ್ದುಕೊಂಡೇ ಹುರುಪಿನ ಕಾರು ಮಾಡಬೇಕೆಂದರೆ ಟರ್ಬೊ ಬಿಟ್ಟು ಬೇರೆ ದಾರಿ ಇಲ್ಲ. 998 ಸಿಸಿಯ ಹ್ಯುಂಡೈ ಐ20 ಎನ್ ಲೈನ್ 1500 ಆರ್‌ಪಿಎಂನಿಂದಲೇ 172 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಟರ್ಬೊ ಇಲ್ಲದ 1.5 ಲೀಟರಿನ ಹೋಂಡಾ ಸಿಟಿ ಕೊಡುವುದು 145, ಅದೂ 4300ರಲ್ಲಿ. ಇಲ್ಲಿಯವರು ಟರ್ಬೊ ಇಲ್ಲದ ಆರು, ಎಂಟು ಸಿಲಿಂಡರಿನ ಎಂಜಿನ್ನುಗಳನ್ನು ಕಳೆದುಕೊಂಡು ಟರ್ಬೊ ಪಡೆದರು. ನಮ್ಮವರು ಕಳೆದುಕೊಂಡದ್ದು ಏನು? ಉಸಿರು ಕಟ್ಟಿಕೊಂಡು ಓಡುತ್ತಿದ್ದ 1.2 ಲೀಟರಿನ ಎಂಜಿನ್ನನ್ನು.

ಎತ್ತರದ ವಿಚಾರವನ್ನು ಈ ಚರ್ಚೆಯಲ್ಲಿ ಯಾರೂ ತರುವುದಿಲ್ಲ, ನನಗೆ ಅದೇ ಮುಖ್ಯವೆನಿಸುತ್ತದೆ. ಸ್ಟುಟ್‌ಗಾರ್ಟ್ ನಗರ ಸಮುದ್ರಮಟ್ಟದಿಂದ ಸುಮಾರು 250 ಮೀಟರ್ ಮೇಲಿದೆ. ಚಿಕ್ಕಬಳ್ಳಾಪುರ ಇರುವುದು 900 ಮೀಟರಿಗೂ ಮೇಲೆ, ನಂದಿ ಬೆಟ್ಟದ ನೆತ್ತಿ 1478 ಮೀಟರ್. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ತನ್ನಷ್ಟಕ್ಕೆ ಉಸಿರೆಳೆಯುವ ಎಂಜಿನ್ನಿಗೆ ಅಷ್ಟು ಆಮ್ಲಜನಕ ಕಡಿಮೆ, ಅಷ್ಟು ಶಕ್ತಿ ಕಡಿಮೆ. ಕಾಗದದ ಮೇಲೆ 100 ಅಶ್ವಶಕ್ತಿ ಇರುವ ಕಾರು ನಮ್ಮೂರಿನಲ್ಲಿ ಸುಮಾರು 90ಕ್ಕೆ ಇಳಿದಿರುತ್ತದೆ, ಬೆಟ್ಟದ ಮೇಲೆ ಹೋಗುವಷ್ಟರಲ್ಲಿ 85ರ ಆಸುಪಾಸಿನಲ್ಲಿರುತ್ತದೆ. ಟರ್ಬೊ ಎಂಜಿನ್ನಿನಲ್ಲಿ ಆ ಚಕ್ರ ಇನ್ನಷ್ಟು ಜೋರಾಗಿ ತಿರುಗಿ, ಕೊರತೆಯಾದ ಗಾಳಿಯನ್ನು ಒತ್ತಿ ತುಂಬುವುದರಿಂದ ನಷ್ಟ ಅಷ್ಟಾಗಿ ತಿಳಿಯುವುದಿಲ್ಲ. ಕಾರಹಳ್ಳಿ ಕ್ರಾಸ್ ದಾಟಿ ಬೆಟ್ಟದ ಏರು ಶುರುವಾದ ಮೇಲೆ ನಾಲ್ಕು ಜನ ಕುಳಿತ ಹಳೆಯ ಪೆಟ್ರೋಲ್ ಕಾರು ಎರಡನೇ ಗೇರಿನಲ್ಲಿ ಬಿಕ್ಕುವುದನ್ನೂ, ಅದೇ ತಿರುವನ್ನು ಒಂದು ಲೀಟರಿನ ಟರ್ಬೊ ಕಾರು ಮೂರನೇ ಗೇರಿನಲ್ಲಿ ಹತ್ತಿಹೋಗುವುದನ್ನೂ ಕಂಡವನು ಟರ್ಬೊವನ್ನು ಏಕೆ ಬೈಯಬೇಕು? ಕೋಲಾರ, ತುಮಕೂರುಗಳೂ 800 ಮೀಟರಿಗೆ ಮೇಲಿರುವ ಊರುಗಳೇ. ನಮ್ಮ ಬಯಲುಸೀಮೆಯವರು ಟರ್ಬೊವನ್ನು ಮೆಚ್ಚುವುದಕ್ಕೆ ಭೂಗೋಳದ ಸಮ್ಮತಿಯಿದೆ.

ಅಭ್ಯಾಸವೂ ಇದೆ. ನಮ್ಮ ಕಿವಿಗೆ ಟರ್ಬೊದ ಸಿಳ್ಳೆ ಮೊದಲು ಬಿದ್ದದ್ದು ಸ್ಪೋರ್ಟ್ಸ್ ಕಾರಿನಿಂದಲ್ಲ, ತರಕಾರಿ ತುಂಬಿಕೊಂಡು ರಾತ್ರಿ ಹೊರಡುವ ಲಾರಿಯಿಂದ. ಆಮೇಲೆ 2007ರಲ್ಲಿ ಸ್ವಿಫ್ಟ್ ಡೀಸೆಲ್ ಬಂದಿತು. ಅದರ 1.3 ಲೀಟರಿನ ಎಂಜಿನ್ 2000 ಆರ್‌ಪಿಎಂ ತಲುಪುವವರೆಗೆ ಮಲಗಿದ್ದು ಆಮೇಲೆ ಒಮ್ಮೆಗೇ ಎದ್ದು ಓಡುತ್ತಿತ್ತು, ನನ್ನ ವಾರಿಗೆಯ ಎಷ್ಟೋ ಜನ ಪಿಕಪ್ ಎಂದರೆ ಅದೇ ಎಂದುಕೊಂಡರು. ಇಲ್ಲಿ ದೋಷವೆಂದು ಕರೆಯುವ ಆ ಒದೆತವೇ ಅಲ್ಲಿ ರುಚಿಯಾಯಿತು. 2000ದ ಆಸುಪಾಸಿನ, ಟರ್ಬೊ ಇಲ್ಲದ ಹೋಂಡಾ ಸಿಟಿ ವಿಟೆಕ್ ಇಟ್ಟುಕೊಂಡ ಕೆಲವರು ಮಾತ್ರ, ಮೇಲಿನ ಆರ್‌ಪಿಎಂನಲ್ಲಿ ಎಂಜಿನ್ನಿನ ರಾಗ ಬದಲಾಗುವುದನ್ನು ಬಲ್ಲವರು, ಜರ್ಮನರ ಮಾತನ್ನು ಅನುಭವದಿಂದ ಒಪ್ಪಬಲ್ಲವರು. ಅವರು ಟರ್ಬೊವನ್ನು ಹಳಿದರೆ ನಾನು ಕೈಕಟ್ಟಿ ಕೇಳುತ್ತೇನೆ.

ರಿಮ್ಯಾಪ್, ಅಂದರೆ ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವ ವಿಷಯದಲ್ಲಿ ಎರಡು ಊರುಗಳ ರೀತಿ ಇನ್ನೂ ಸ್ಪಷ್ಟವಾಗಿ ಬೇರೆಯಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ನಿನಿಂದ ಹೆಚ್ಚು ಶಕ್ತಿ ತೆಗೆಯಬೇಕೆಂದರೆ ಕ್ಯಾಮ್, ಪಿಸ್ಟನ್ ಎಂದು ಎಂಜಿನ್ನನ್ನೇ ಬಿಚ್ಚಬೇಕು. ಟರ್ಬೊದಲ್ಲಿ ಗಾಳಿಯ ಒತ್ತಡವನ್ನು ಸಾಫ್ಟ್‌ವೇರಿನಲ್ಲಿ ಏರಿಸಿದರೆ ಸಾಕು. ಪೋಲೊ ಜಿಟಿ ಟಿಎಸ್‌ಐ ಕಾರಿಗೆ ನಮ್ಮ ಹುಡುಗರಲ್ಲಿ ಅಷ್ಟು ಭಕ್ತರು ಹುಟ್ಟಿಕೊಂಡದ್ದಕ್ಕೆ ಇದೂ ಒಂದು ಕಾರಣ. ಜರ್ಮನಿಯಲ್ಲಿ ಹೀಗೆ ಮಾಡಿಸಿದವನು ಪರಿಣತರಿಂದ ತಪಾಸಣೆ ಮಾಡಿಸಿ, ಕಾರಿನ ದಾಖಲೆಯಲ್ಲಿ ನಮೂದಿಸಿ, ವಿಮೆಯವರಿಗೂ ತಿಳಿಸಬೇಕು. ಇಲ್ಲವಾದರೆ ಕಾರು ರಸ್ತೆಗಿಳಿಯುವ ಹಕ್ಕನ್ನೇ ಕಳೆದುಕೊಳ್ಳುತ್ತದೆ. ನಮ್ಮಲ್ಲಿ ವಾಹನದ ಮಾರ್ಪಾಡನ್ನು ನಿರ್ಬಂಧಿಸುವ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದ್ದರೂ ಲ್ಯಾಪ್‌ಟಾಪ್ ಹಿಡಿದು ಬಂದವನು ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸುತ್ತಾನೆ, ಬ್ರೇಕು ಟೈರುಗಳು ಇದ್ದಂತೆಯೇ ಇರುತ್ತವೆ. ಈ ಒಂದು ವಿಷಯದಲ್ಲಿ ನಾನು ಜರ್ಮನರ ಪಕ್ಷ, ಸ್ನೇಹಿತರು ಮುನಿಸಿಕೊಂಡರೂ ಸರಿ.

ಟರ್ಬೊದ ಮೇಲೆ ನಮ್ಮವರು ನಿಜವಾಗಿ ಮಾಡಬೇಕಾದ ದೂರು ಬೇರೆಯೇ ಇದೆ. ಊರಿನೊಳಗೆ ಹಂಪ್ ಸಿಕ್ಕಿತು ಎನ್ನಿ. ವೇಗ ಹದಿನೈದಕ್ಕೆ ಇಳಿದು, ಎರಡನೇ ಗೇರಿನಲ್ಲಿ ಆರ್‌ಪಿಎಂ ಸಾವಿರದ ಆಸುಪಾಸಿಗೆ ಬಿದ್ದಿರುತ್ತದೆ. ಆಗ ಆಕ್ಸಿಲರೇಟರ್ ಒತ್ತಿದರೆ ಒಂದು ಲೀಟರಿನ ಟರ್ಬೊ ಕಾರು ಕೇವಲ ಒಂದು ಲೀಟರಿನ ಕಾರಾಗಿರುತ್ತದೆ. ಹಿಂದಿನ ಬಸ್ಸಿನವನ ಹಾರ್ನ್ ಎಂಜಿನ್ನಿಗಿಂತ ಮೊದಲು ಎಚ್ಚರಗೊಳ್ಳುತ್ತದೆ. ಮೊದಲನೇ ಗೇರಿಗೆ ಹೋದರೆ ಕಾರು ಜಗ್ಗುತ್ತದೆ. ಹಳೆಯ ಸಿಟಿ ಇಂಥಲ್ಲಿ ಮರುಮಾತಿಲ್ಲದೆ ಹೊರಟುಬಿಡುತ್ತದೆ. ಬಾಗೇಪಲ್ಲಿ ಕಡೆಯ ಹೆದ್ದಾರಿಯಲ್ಲಿ ಟರ್ಬೊ ಎಷ್ಟು ಸೊಗಸೋ, ಪೇಟೆಯ ಹಂಪುಗಳ ಮೇಲೆ ಅಷ್ಟೇ ಪೆಚ್ಚು. ಬಿ.ಬಿ. ರಸ್ತೆಯ ಮೆಕ್ಯಾನಿಕ್ ಒಬ್ಬರು ಬಾನೆಟ್ ತೆರೆದು, ಹೊಗೆ ಹೊರಡುವ ಪೈಪಿನ ಪಕ್ಕದಲ್ಲಿ ಸುಟ್ಟು ಕಂದಾಗಿದ್ದ ಟರ್ಬೊದ ಗೂಡನ್ನು ಸ್ಪ್ಯಾನರಿನ ತುದಿಯಿಂದ ತೋರಿಸುತ್ತ ಹೇಳಿದ ಮಾತು ಇನ್ನೊಂದು: “ಟರ್ಬೊ ಒಳ್ಳೇದೇ ಅಣ್ಣ. ಆದ್ರೆ ಆಯಿಲ್ ವಿಷ್ಯದಲ್ಲಿ ಜಿಪುಣತನ ಮಾಡಿದ್ರೆ ಅದು ಬಿಡಲ್ಲ. ಬೆಟ್ಟ ಹತ್ತಿಸ್ಕೊಂಡು ಬಂದು ತಕ್ಷಣ ಆಫ್ ಮಾಡ್ಬೇಡಿ, ಅರ್ಧ ನಿಮಿಷ ಹಂಗೇ ಬಿಡಿ.” ಲಕ್ಷ ಸುತ್ತು ತಿರುಗುವ ಅಚ್ಚು ತೇಲುವುದು ತೆಳುವಾದ ಎಣ್ಣೆಯ ಪದರದ ಮೇಲೆ, ಕಾದಿರುವಾಗಲೇ ಎಣ್ಣೆಯ ಹರಿವು ನಿಂತರೆ ಅದು ಅಲ್ಲಿಯೇ ಸುಟ್ಟು ಕರಿಯಾಗುತ್ತದೆ. ಸರ್ವಿಸನ್ನು ಮುಂದಕ್ಕೆ ಹಾಕುವ ನಮ್ಮ ಚಾಳಿಗೆ ಹಳೆಯ ಎಂಜಿನ್ನುಗಳು ತೋರಿಸುತ್ತಿದ್ದ ಕ್ಷಮೆ ಇವುಗಳಲ್ಲಿಲ್ಲ.

ಸದ್ದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಗೆಯ ಬಲವನ್ನು ಚಕ್ರ ಕಸಿದುಕೊಂಡ ಮೇಲೆ ಉಳಿಯುವುದು ಮಂದವಾದ ದನಿ, 2018ರ ಸುಮಾರಿಗೆ ಯುರೋಪಿನ ಪೆಟ್ರೋಲ್ ಕಾರುಗಳಿಗೂ ಹೊಗೆಯ ಕಣಗಳನ್ನು ಹಿಡಿಯುವ ಫಿಲ್ಟರ್ ಬಂದ ಮೇಲೆ ಅದೂ ಮುಚ್ಚಿಹೋಯಿತು. ಬಿಎಂಡಬ್ಲ್ಯು ತನ್ನ ಎಂ5 ಕಾರಿನಲ್ಲಿ ಎಂಜಿನ್ನಿನ ಸದ್ದನ್ನು ಸ್ಪೀಕರಿನಲ್ಲಿ ಕೇಳಿಸಿದಾಗ ಇಲ್ಲಿನ ಜನ ನಕ್ಕರು. ಫಾರ್ಮುಲಾ ಒನ್ ರೇಸುಗಳು 2014ರಲ್ಲಿ ಟರ್ಬೊ ವಿ6ಗೆ ತಿರುಗಿದಾಗಲೂ ಇದೇ ಗೊಣಗಾಟ. ಬುದ್ಧ್ ಸರ್ಕಿಟ್‌ನಲ್ಲಿ ಭಾರತದ ರೇಸು ನಡೆದದ್ದು 2011ರಿಂದ 2013ರವರೆಗೆ ಮಾತ್ರ. ಅಂದರೆ ಅಲ್ಲಿಗೆ ಹೋಗಿ ಕುಳಿತ ನಮ್ಮವರು ಕೇಳಿದ್ದೆಲ್ಲ ಟರ್ಬೊ ಇಲ್ಲದ ವಿ8ರ ಚೀತ್ಕಾರವೇ. ಈ ನಷ್ಟಕ್ಕೆ ಸಾಕ್ಷಿ ಹೇಳಬಲ್ಲವರು ನಮ್ಮಲ್ಲೂ ಇದ್ದಾರೆ ಎಂದಾಯಿತು.

ದುಃಖ ಪಡುವವರನ್ನು ಕುರಿತು ನನಗಿರುವ ಅನುಮಾನವನ್ನೂ ಹೇಳಬೇಕು. ಸ್ಟುಟ್‌ಗಾರ್ಟ್‌ಗೆ ಹತ್ತಿರದ ಅಫಾಲ್ಟರ್‌ಬಾಖ್‌ನಲ್ಲಿರುವ ಎಎಂಜಿಯವರು (ಮರ್ಸಿಡಿಸ್‌ನ ಸ್ಪೋರ್ಟ್ಸ್ ಕಾರುಗಳ ವಿಭಾಗ) ಸಿ63 ಕಾರಿನ 6.2 ಲೀಟರಿನ ವಿ8 ತೆಗೆದು 4.0 ಲೀಟರಿನ ಟರ್ಬೊ ವಿ8 ಹಾಕಿದಾಗ ಕಾರುಪ್ರಿಯರು ಹಳೆಯದಕ್ಕಾಗಿ ಮರುಗಿದರು. 2022ರಲ್ಲಿ ಆ ವಿ8 ಕೂಡ ಹೋಗಿ, 2.0 ಲೀಟರಿನ ನಾಲ್ಕು ಸಿಲಿಂಡರಿಗೆ ವಿದ್ಯುತ್ ಮೋಟರು ಸೇರಿ 680 ಅಶ್ವಶಕ್ತಿಯ ಸಿ63 ಬಂದಾಗ, ಮೊದಲು ಬೈಸಿಕೊಂಡಿದ್ದ ಆ ಟರ್ಬೊ ವಿ8ಗಾಗಿಯೇ ಮರುಗತೊಡಗಿದರು. ಗ್ರಾಹಕರ ಮಾತಿಗೆ ಬೆಲೆ ಇಲ್ಲವೆಂದಲ್ಲ. ನಾಲ್ಕು ಸಿಲಿಂಡರಿನ ಟರ್ಬೊ ಹಾಕಿ ಟೀಕೆಗೆ ಗುರಿಯಾದ 718 ಕಾರಿಗೆ ಪೋರ್ಷೆ ತನ್ನ ಜಿಟಿಎಸ್ ಮಾದರಿಯಲ್ಲಿ 4.0 ಲೀಟರಿನ, ಟರ್ಬೊ ಇಲ್ಲದ ಆರು ಸಿಲಿಂಡರಿನ ಎಂಜಿನ್ನನ್ನು ಮರಳಿ ತಂದದ್ದೂ ಇದೆ.

ಈಗಿನ ಹೊಸ ಬೆಳವಣಿಗೆ, ಟರ್ಬೊದ ಅಚ್ಚಿನ ಮೇಲೆಯೇ ಪುಟ್ಟ ವಿದ್ಯುತ್ ಮೋಟರ್ ಕೂರಿಸುವುದು. 2024ರ 911 ಕರೆರಾ ಜಿಟಿಎಸ್‌ನಲ್ಲಿ ಅದಿದೆ. ಹೊಗೆ ಹುಟ್ಟುವವರೆಗೆ ಕಾಯದೆ ಮೋಟರೇ ಚಕ್ರವನ್ನು ತಿರುಗಿಸಿಬಿಡುವುದರಿಂದ ಕಾಯುವಿಕೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಆದರೆ 911 ಓಡಿಸುವವನು ಹೇಗೂ ಆರ್‌ಪಿಎಂ ಮೇಲಿಟ್ಟುಕೊಂಡೇ ಓಡಿಸುತ್ತಾನೆ, ಅವನಿಗೆ ಅದರಿಂದ ಉಳಿಯುವುದು ಕ್ಷಣದ ಒಂದು ಪಾಲು. ಆ ಮೋಟರು ನಿಜವಾಗಿ ಬೇಕಾಗಿರುವುದು ಹತ್ತು ಲಕ್ಷದ ಕಾರಿಗೆ, ಹಂಪ್ ಇಳಿದು ಎರಡನೇ ಗೇರಿನಲ್ಲಿ ಉಸಿರಿಗಾಗಿ ಕಾಯುತ್ತಿರುವ ಆ ಒಂದು ಲೀಟರಿನ ಎಂಜಿನ್ನಿಗೆ. ಅದರ ಬೆಲೆ ಅಷ್ಟಕ್ಕೆ ಇಳಿಯುವವರೆಗೆ, ಯಾವುದನ್ನು ಕೊಳ್ಳಲಿ ಎಂದು ಊರಿನಿಂದ ಕೇಳುವವರಿಗೆ ನಾನು ಟರ್ಬೊವನ್ನೇ ಹೇಳುತ್ತೇನೆ, ಹಂಪ್ ಬಂದಾಗ ಸಂಕೋಚಪಡದೆ ಮೊದಲನೇ ಗೇರಿಗೆ ಹೋಗಿ ಎಂಬ ಸೂಚನೆಯೊಂದಿಗೆ.