ಡ್ರೆಸ್ ಕೋಡ್ ಸೇಜ್ ಗ್ರೀನು, ಬೆವರೋ ಹಾಗಿಲ್ಲ

ಗೆಳತಿ ಮದುವೆ ಇನ್ವಿಟೇಷನ್ ಮೊಬೈಲಿಗೆ ಬಂತು. ತೆಗೆದ್ರೆ ಹೂವು ಅರಳುತ್ತೆ, ಮ್ಯೂಸಿಕ್ ಬರುತ್ತೆ, ಇಬ್ಬರ ಹೆಸರೂ ಚಿನ್ನದ ಬಣ್ಣದಲ್ಲಿ ಬಳ್ಳಿ ಥರ ಹಬ್ಬುತ್ತೆ, ಎಲ್ಲಾ ಚೆನ್ನಾಗಿದೆ. ಮದುವೆ ಕಡು ಬೇಸಿಗೇಲಿ, ಮಧ್ಯಾಹ್ನ ಮೂರು ಗಂಟೆಗೆ, ಬಯಲಲ್ಲಿ, ಲಾನ್ ಮೇಲೆ. ಹೋಗ್ಲಿ ಬಿಡಿ, ಅದನ್ನೂ ಹೊಟ್ಟೆಗೆ ಹಾಕ್ಕೊಳ್ಳೋಣ. ಕೊನೇಲಿ ಒಂದು ಸಾಲಿತ್ತು ನೋಡಿ, 'ಡ್ರೆಸ್ ಕೋಡ್: ಸಮ್ಮರ್ ಫಾರ್ಮಲ್. ಕಂಫರ್ಟಬಲ್ ಆಗಿ ಬನ್ನಿ' ಅಂತ, ಅದರ ಕೆಳಗೆ ಐದು ಬಣ್ಣದ ಚುಕ್ಕಿ, ಪೇಂಟ್ ಅಂಗಡಿ ಕಾರ್ಡಲ್ಲಿ ಇರುತ್ತಲ್ಲ ಆ ಥರ. ಈ ಐದರಲ್ಲೇ ಒಂದು ಬಣ್ಣ ಹಾಕ್ಕೊಂಡು ಬರಬೇಕಂತೆ.

ಫೋನ್ ಮಾಡಿ ಕೇಳಿದೆ, "ಲೇ, ಸಮ್ಮರ್ ಫಾರ್ಮಲ್ ಅಂದ್ರೆ ಏನೇ?"

"ಫಾರ್ಮಲ್ ಆಗೇ ಇರಬೇಕು ಕಣೇ, ಆದ್ರೆ ತುಂಬಾ ರೆಡಿಯಾಗಿದೀಯ ಅಂತ ಅನ್ನಿಸಬಾರದು. ಡಲ್ಲಾಗೂ ಇರಬೇಡ, ನನಗಿಂತ ಎದ್ದು ಕಾಣಲೂಬೇಡ. ಮಿಕ್ಕಿದ್ದು ನಿನ್ನಿಷ್ಟ."

ಮಿಕ್ಕಿದ್ದು ಅಂದ್ರೆ ಏನು ಮಿಕ್ತು ಅಂತ ನಾನಿನ್ನೂ ಹುಡುಕ್ತಾ ಇದೀನಿ.

ಬಿಸಿಲಿಗೆ ಬಿಳಿ ಒಳ್ಳೇದು ಅಂತ ಸ್ಕೂಲಲ್ಲೇ ಹೇಳ್ಕೊಟ್ಟಿದ್ರಲ್ಲ, ಆದ್ರೆ ಬಿಳಿ ಮುಟ್ಟೋ ಹಾಗಿಲ್ಲ, ಅದು ಮದುಮಗಳಿಗೆ ರಿಸರ್ವ್. ಈ ಬಿಳಿ ಗೌನಿನ ಹುಚ್ಚು ಜೋರಾಗಿದ್ದು ಬ್ರಿಟನ್ನಿನ ವಿಕ್ಟೋರಿಯಾ ರಾಣಿಯಿಂದ. 1840ರಲ್ಲಿ ಅವಳು ಬಿಳಿ ಸ್ಯಾಟಿನ್ ಹಾಕ್ಕೊಂಡು ಮದುವೆಯಾದಳು, ಅದಕ್ಕೆ ಮುಂಚೆ ಅಲ್ಲಿ ಮದುಮಗಳು ಯಾವ ಬಣ್ಣ ಉಟ್ರೂ ಯಾರೂ ಏನೂ ಅಂತಿರಲಿಲ್ಲ. ಮದುವೆ ತಾರೀಖು ನೋಡಿ, ಫೆಬ್ರವರಿ 10. ಲಂಡನ್ ಚಳಿ. ಆಯಮ್ಮ ಚಳೀಲಿ ನಡುಗ್ತಾ ಬಿಳಿ ಉಟ್ಟಿದ್ದಕ್ಕೆ ನಾನು ಸುಡೋ ಬಿಸಿಲಲ್ಲಿ ಬಿಳಿ ಉಡೋ ಹಾಗಿಲ್ಲ. ಕ್ರೀಮ್ ಕಲರ್ ನಡೆಯುತ್ತಾ ಅಂತ ಕೇಳಿದ್ದಕ್ಕೆ ಆ ಕಡೆಯಿಂದ ಎಂಟು ಸೆಕೆಂಡ್ ಮೌನ.

ಸರಿ, ಬಣ್ಣ ಸೇಜ್ ಗ್ರೀನ್ ಅಂತ ಫಿಕ್ಸ್ ಆಯ್ತು. (ಸೇಜ್ ಗ್ರೀನ್ ಅಂದ್ರೆ ಎಲೆ ಮೇಲೆ ವಾರದ ಧೂಳು ಕೂತಿರುತ್ತಲ್ಲ, ಆ ಹಸಿರು.) ಈಗ ಬಟ್ಟೆ ಕಥೆಗೆ ಬರೋಣ, ಅಸಲಿ ತಮಾಷೆ ಇರೋದೇ ಇಲ್ಲಿ. ಆನ್‌ಲೈನಲ್ಲಿ 'ಸಮ್ಮರ್ ವೆಡ್ಡಿಂಗ್ ಗೆಸ್ಟ್ ಡ್ರೆಸ್' ಅಂತ ಹೊಡೆದ್ರೆ ಒಬ್ಬಳು ಹುಡುಗಿ ಗಾಳೀಲಿ ಕೂದಲು ಹಾರಿಸ್ಕೊಂಡು ನಗ್ತಾ ನಿಂತಿರ್ತಾಳೆ, ಎರಡೂ ಕೈ ಕೆಳಗೇ ಇರುತ್ತೆ, ಬೇಕಾದ್ರೆ ಚೆಕ್ ಮಾಡಿ, ಯಾವ ಫೋಟೋದಲ್ಲೂ ಕೈ ಎತ್ತಿರಲ್ಲ, ಎತ್ತಿದ್ರೆ ಕಂಕುಳ ಗುಟ್ಟು ರಟ್ಟಾಗುತ್ತೆ. ಕೆಳಗೆ 'ಸಿಲ್ಕಿ ಸ್ಯಾಟಿನ್, ಬೇಸಿಗೆಗೆ ಹೇಳಿ ಮಾಡಿಸಿದ್ದು' ಅಂತ ಬರೆದಿರ್ತಾರೆ. ಸ್ಯಾಟಿನ್ ಅನ್ನೋದು ನೂಲಿನ ಹೆಸರೇ ಅಲ್ಲ ಸ್ವಾಮಿ, ಅದೊಂದು ನೇಯ್ಗೆ, ಯಾವ ನೂಲಲ್ಲಿ ಬೇಕಾದ್ರೂ ನೇಯಬಹುದು. ಒಳಗೆ ಹೊಲಿದಿರೋ ಆ ಪುಟಾಣಿ ಲೇಬಲ್ ತಿರುಗಿಸಿ ನೋಡಿದ್ರೆ ನೂರಕ್ಕೆ ನೂರು ಪಾಲಿಯೆಸ್ಟರ್. ಅಂದ್ರೆ ನೀರಿನ ಬಾಟಲ್ ಯಾವುದರಲ್ಲಿ ಮಾಡ್ತಾರೋ ಅದೇ ಪ್ಲಾಸ್ಟಿಕ್ಕು, ಬಾಟಲಲ್ಲಿ ನೀರು ಒಳಗಿರುತ್ತೆ, ಇಲ್ಲಿ ನಾವು ಒಳಗಿರ್ತೀವಿ.

ಸುಮ್ನೆ ಬೈತಿಲ್ಲ. ಲಿನನ್ ತನ್ನ ತೂಕದ ಸುಮಾರು 12% ತೇವ ಹೀರ್ಕೊಂಡು ಇಟ್ಕೊಳ್ಳುತ್ತೆ, ಕಾಟನ್ ಸುಮಾರು 8%, ಪಾಲಿಯೆಸ್ಟರ್ 0.4%. ಅಂದ್ರೆ ಬೆವರು ಬಂದ್ರೆ 'ನನಗೂ ಅದಕ್ಕೂ ಸಂಬಂಧ ಇಲ್ಲ' ಅಂತ ಪಾಲಿಯೆಸ್ಟರ್ ಕೈ ತೊಳ್ಕೊಳ್ಳುತ್ತೆ, ಅದು ಬೆನ್ನಿಂದ ಇಳಿದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತೆ. ಅಯ್ಯೋ ಹಾಗಾದ್ರೆ ಕಾಟನ್ ತಗೋ ಅಂತೀರ, ತಗೊಂಡೆ ಕಣ್ರೀ, ಹೊರಗೆ ಅಪ್ಪಟ ಕಾಟನ್, ಮನೆಗೆ ಬಂದು ಹಾಕ್ಕೊಂಡು ನೋಡಿದ್ರೆ ಒಳಗಿನ ಲೈನಿಂಗ್ ಪಾಲಿಯೆಸ್ಟರ್! ಮೈಗೆ ತಾಗೋದು ಪ್ಲಾಸ್ಟಿಕ್, ಗಾಳಿಗೆ ತಾಗೋದು ಕಾಟನ್. ಯಾರ ಸುಖಕ್ಕೆ, ಗಾಳಿ ಸುಖಕ್ಕಾ?

ವಾಪಸ್ ಮಾಡಿ ಲಿನನ್ ತರಿಸಿದೆ. ಲಿನನ್ ನಿಜವಾಗ್ಲೂ ದೇವರಂಥ ಬಟ್ಟೆ, ಕೂರೋವರೆಗೂ. ಅದರ ನೂಲಿಗೆ ಎಲಾಸ್ಟಿಸಿಟಿ ಕಮ್ಮಿ, ಮಡಚಿಕೊಂಡ್ರೆ ಮಡಚಿಕೊಂಡ ಹಾಗೇ. ಕಾರಲ್ಲಿ ಅರ್ಧ ಗಂಟೆ ಕೂತು ಇಳಿದ್ರೆ ಹೊಟ್ಟೆ ಮೇಲೆ ಹಾದಿ ಬೀದಿ ಹೊಲ ಗದ್ದೆ ಎಲ್ಲಾ ಇರೋ ನಕ್ಷೆ ಮೂಡಿರುತ್ತೆ. ನಿಂತ್ಕೊಂಡೇ ಹೋಗೋ ಕಾರು ಇನ್ನೂ ಬಂದಿಲ್ಲ.

ಇನ್ನೊಂದು ವಿಷಯ, 1980ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೇಲಿ ಮರಳುಗಾಡಿನ ಬೆದೂಯಿನ್ ಜನ ಯಾಕೆ ಕಪ್ಪು ನಿಲುವಂಗಿ ಹಾಕ್ತಾರೆ ಅಂತ ಒಂದು ಲೇಖನ ಬಂದಿತ್ತು. ಬಿಸಿಲಲ್ಲಿ ಅಳತೆ ಮಾಡಿ ನೋಡಿದ್ರೆ ಕಪ್ಪಾಗ್ಲಿ ಬಿಳಿಯಾಗ್ಲಿ ಮೈಗೆ ತಟ್ಟೋ ಶಾಖ ಹೆಚ್ಚುಕಮ್ಮಿ ಒಂದೇ. ಕಪ್ಪು ಬಟ್ಟೆ ಜಾಸ್ತಿ ಕಾಯುತ್ತೆ ನಿಜ, ಆದ್ರೆ ಆ ಶಾಖ ಚರ್ಮಕ್ಕೆ ಇಳಿಯೋ ಮುಂಚೇನೇ ಹೋಗಿಬಿಡುತ್ತೆ, ಅಂಗಿ ಅಷ್ಟು ಸಡಿಲ. ನನಗೆ ಇದು ಓದಿ ಎಷ್ಟು ಖುಷಿಯಾಯ್ತು ಅಂದ್ರೆ ತಕ್ಷಣ ಒಂದು ದೊಗಲೆ ಡ್ರೆಸ್ ಹಾಕಿ ಸೆಲ್ಫಿ ತೆಗೆದು ಮದುಮಗಳಿಗೆ ಕಳಿಸಿದೆ. ಉತ್ತರ ಬಂತು: "ಮಲಗೋಕೆ ಹೊರಟಿದೀಯಾ?"

ಟ್ರಯಲ್ ರೂಮ್ ಬಗ್ಗೆ ಒಂದು ಮಾತು. ಎಸೀ ಜೋರಾಗಿ ಹಾಕಿ, ಹಳದಿ ಲೈಟ್ ಬಿಟ್ಟು, ಮೂರು ನಿಮಿಷ ಹಾಕ್ಕೊಂಡು ನೋಡಿ ಅಂತಾರೆ, ಯಾವ ಬಟ್ಟೇನಾದ್ರೂ ಚೆನ್ನಾಗೇ ಇರುತ್ತೆ ಬಿಡಿ, ಕಂಬಳಿ ಹೊದ್ರೂ ಚೆನ್ನಾಗೇ ಇರುತ್ತೆ. ಗಂಡಸರ ಪಾಡು ಬೇರೆ, ಕೋಟು. ಯಾರಾದ್ರೂ ಒಬ್ಬರು ಮೊದಲು ಬಿಚ್ಚಲಿ ಅಂತ ಎಲ್ಲರೂ ಒಬ್ಬರನ್ನೊಬ್ಬರು ನೋಡ್ತಾ ಬೇಯ್ತಾ ನಿಂತಿರ್ತಾರೆ.

ಕೊನೆಗೆ ಏನಾಯ್ತು, ಆ ದಿನ ಹತ್ರ ಬಂದಾಗ ಸೋತು ಅದೇ ಪಾಲಿಯೆಸ್ಟರ್ ಸ್ಯಾಟಿನ್ನೇ ಹಾಕ್ಕೊಂಡು ಹೋದೆ. ನೀರು ಸಿಡಿದ್ರೆ ಸಾಕು, ತಿಳಿ ಬಣ್ಣದ ಸ್ಯಾಟಿನ್ ಮೇಲೆ ಕಲೆ ಕೂಗಿ ಹೇಳುತ್ತೆ, ಬೆವರಿಗಂತೂ ಮೈಕೇ ಬೇಡ. ಮದುವೇಲಿ ಉಂಡವನೇ ಜಾಣ ಅಂತಾರೆ, ಬೇಸಿಗೆ ಮದುವೇಲಿ ಫ್ಯಾನ್ ಮುಂದಿನ ಕುರ್ಚಿ ಹಿಡಿದವನೇ ಜಾಣ, ಅದು ನನಗೆ ಸಿಗಲಿಲ್ಲ. ನಡೆಯೋಣ ಅಂದ್ರೆ ಹೀಲ್ಸ್ ಲಾನಲ್ಲಿ ಮೊಳೆ ಹೊಡೆದ ಹಾಗೆ ಇಳೀತಿತ್ತು, ಒಂದೊಂದು ಹೆಜ್ಜೆಗೂ ಕಾಲು ಕಿತ್ತು ಕಿತ್ತು ಇಡಬೇಕು. ಅದಕ್ಕೇ ಎರಡೂ ಕೈ ಮೈಗೆ ಅಂಟಿಸ್ಕೊಂಡು ಹುಲ್ಲಲ್ಲಿ ನೆಟ್ಟ ಕಡೆ ನೆಟ್ಟ ಹಾಗೆ ನಿಂತೆ, ಆ ವೆಬ್‌ಸೈಟ್ ಹುಡುಗಿ ಥರಾನೇ, ಈಗ ಅವಳ ಕಷ್ಟ ಅರ್ಥ ಆಯ್ತು. ಗ್ರೂಪ್ ಫೋಟೋಗೆ ಎಲ್ಲರನ್ನೂ ಪೊದೆ ಸಾಲಿನ ಮುಂದೆ ನಿಲ್ಲಿಸಿದ್ರು.

ಮೊನ್ನೆ ಫೋಟೋ ಬಂತು. ಬೆಳ್ಳಗೆ ಮದುಮಗಳು ಎದ್ದು ಕಾಣ್ತಿದಾಳೆ, ಅಂದ್ಕೊಂಡ ಹಾಗೇ. ಮನೆ ಗ್ರೂಪಿಗೆ ಹಾಕಿದೆ. ಅಕ್ಕ ಅರ್ಧ ಗಂಟೆ ಜೂಮ್ ಮಾಡಿ ನೋಡಿ ಕೇಳಿದ್ಲು, "ಇದರಲ್ಲಿ ನೀನೆಲ್ಲಿದೀಯೇ?"

"ಎಡಗಡೆಯಿಂದ ಮೂರನೇ ಗಿಡ ಕಣೇ ಅಕ್ಕ."